ಆರೈಕೆ ಮಾಡುವವರ ಆರೈಕೆ ಯಾರ ಹೊಣೆ?

ಗೋಡೆಯ ಮೇಲಿನ ಹಳೆಯ ಕ್ಯಾಲೆಂಡರ್ ಇಳಿದು ಹೊಸದು ಏರಿದೆ. ಶುಭಾಶಯಗಳ ವಿನಿಮಯವೂ ಮುಗಿದಿದೆ. ನಮ್ಮ ಉದಯಗಿರಿಗೆ ಒಂದು ವಿಶೇಷವುಂಟು. ಇಲ್ಲಿ ಒಂದೇ ವರ್ಷದೊಳಗೆ ಮೂರು ಬಾರಿ ಹೊಸ ವರ್ಷ ಬರುತ್ತದೆ. ಜನವರಿ ಒಂದು ಎಲ್ಲರಿಗೂ ಸೇರಿದ್ದು. ಯುಗಾದಿಯಂದು ಬೇವು ಬೆಲ್ಲ ಹಂಚುವ ಮನೆಗಳಿವೆ. ಮೊಹರಂ ತಿಂಗಳ ಚಂದ್ರದರ್ಶನದೊಡನೆ ಹಿಜರಿ ವರ್ಷವನ್ನು ಬರಮಾಡಿಕೊಳ್ಳುವ ಮನೆಗಳು ಅವಕ್ಕಿಂತಲೂ ಹೆಚ್ಚು. ಆದುದರಿಂದ ಸಂಕಲ್ಪ ಕೈಗೊಳ್ಳಲು ನಮಗೆ ಅವಕಾಶದ ಕೊರತೆಯಿಲ್ಲ. ಕೈಗೊಂಡ ಸಂಕಲ್ಪ ಶಿವರಾತ್ರಿಯವರೆಗಾದರೂ ಬಾಳುವುದೇ ಎಂಬುದಷ್ಟೇ ಪ್ರಶ್ನೆ.

ಈಚಿನ ವರ್ಷಗಳಲ್ಲಿ ಹೊಸ ವರ್ಷದ ಸಂಕಲ್ಪಗಳ ಪಟ್ಟಿಗೆ ಒಂದು ಹೊಸ ಮಾತು ಸೇರಿಕೊಂಡಿದೆ. ಅದು ‘ಸ್ವಯಂ ಆರೈಕೆ’. ನಮ್ಮ ದೇಹವನ್ನೂ ಮನಸ್ಸನ್ನೂ ನಾವೇ ಜತನವಾಗಿ ನೋಡಿಕೊಳ್ಳಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಉರುಳುವ ಚಕ್ರವೂ ಒಮ್ಮೆ ನಿಲ್ಲುವಂತೆ ನಾವೂ ನಿಲ್ಲಬೇಕು, ನಡೆಯಬೇಕು, ನಿದ್ರಿಸಬೇಕು ಎಂಬುದು ಅದರ ತಿರುಳು. ಮಾತು ಒಳ್ಳೆಯದೇ. ಆದರೆ ನಮ್ಮ ಬಡಾವಣೆಯ ಯಾವುದೇ ಓಣಿಯಲ್ಲಿ ಐವತ್ತು ದಾಟಿದ ತಾಯಿಯೊಬ್ಬರ ಮುಂದೆ ಈ ಮಾತನ್ನೆತ್ತಿ ನೋಡಿ. ಬರುವ ಉತ್ತರ ಬಹುಮಟ್ಟಿಗೆ ಒಂದೇ: “ನನಗೇನಾಗಿದೆ ಸ್ವಾಮಿ? ನಾನು ಚೆನ್ನಾಗಿಯೇ ಇದ್ದೇನೆ. ಮೊದಲು ಮಕ್ಕಳದ್ದು ಒಂದು ದಡ ಸೇರಲಿ.” ಈ ಉತ್ತರದಲ್ಲಿ ತ್ಯಾಗವಿದೆ, ಅದಕ್ಕೆ ನಾವು ತಲೆಬಾಗುತ್ತೇವೆ. ಆದರೆ ಅದರಲ್ಲೊಂದು ಅಪಾಯವೂ ಅಡಗಿದೆ. ಇಂದು ನಾವು ಬರೆಯಬೇಕೆಂದಿರುವುದು ಆ ಅಪಾಯದ ಕುರಿತು.

ಉದಯಗಿರಿ ದುಡಿಯುವವರ ಊರು. ಆಟೋ ಓಡಿಸುವವರು, ಗ್ಯಾರೇಜಿನಲ್ಲಿ ಬಗ್ಗಿ ನಿಂತವರು, ಹೊಲಿಗೆ ಯಂತ್ರದ ಮುಂದೆ ಕುಳಿತವರು, ಕಟ್ಟಡದ ಸಾರುವೆ ಏರುವವರು, ನಗರದ ಇನ್ನೊಂದು ಬದಿಯ ಮನೆಗಳಿಗೆ ಪಾತ್ರೆ ತೊಳೆಯಲು ಬೆಳಗಿನ ಬಸ್ಸು ಹಿಡಿಯುವವರು ಇಲ್ಲಿದ್ದಾರೆ. ಮೈಸೂರಿನ ಈ ಪೂರ್ವಭಾಗದ ಮೊಹಲ್ಲಾಗಳಲ್ಲಿ ಹೆಂಗಸರು ಮನೆಯಲ್ಲೇ ಕುಳಿತು ಬೀಡಿ ಕಟ್ಟಿದ್ದಾರೆ, ಊದುಬತ್ತಿ ಹೊಸೆದಿದ್ದಾರೆ. ಊದುಬತ್ತಿಗೆ ಯಂತ್ರಗಳು ಬಂದ ಮೇಲೆ ಕೈಗೆಲಸ ಬಹಳ ತಗ್ಗಿತು. ಬೀಡಿಯ ಕೆಲಸ ಇನ್ನೂ ಉಳಿದಿದೆ. ಅದರ ಲೆಕ್ಕ ಸಾವಿರಕ್ಕೆ ಇಂತಿಷ್ಟು ಎಂಬುದು. ತೊಡೆಯ ಮೇಲೆ ಮೊರ, ಮೊರದಲ್ಲಿ ಕತ್ತರಿಸಿದ ಎಲೆ ಮತ್ತು ಹೊಗೆಸೊಪ್ಪು, ಬಾಗಿದ ಕತ್ತು, ಒಂದೇ ಭಂಗಿಯಲ್ಲಿ ಮರಗಟ್ಟಿದ ಸೊಂಟ, ಉಸಿರಿನೊಂದಿಗೆ ಒಳಹೋಗುವ ತಂಬಾಕಿನ ದೂಳು. ನಡುವೆ ಅನ್ನಕ್ಕೆ ಎಸರಿಡಬೇಕು, ನಲ್ಲಿಯಲ್ಲಿ ನೀರು ಬಂದರೆ ಎದ್ದು ಓಡಬೇಕು, ಮಗುವಿನ ಮೂಗು ಒರೆಸಬೇಕು. ರಾತ್ರಿ ಎಲ್ಲರೂ ಉಂಡ ಮೇಲೆ ತಳ ಕೆರೆದು ಉಳಿದದ್ದನ್ನು ತಾನು ಉಣ್ಣಬೇಕು. ಇಂಥ ದಿನಚರಿಯಲ್ಲಿ ‘ಸ್ವಯಂ ಆರೈಕೆ’ಗೆ ಜಾಗ ಎಲ್ಲಿ?

ವಿಚಿತ್ರವೆಂದರೆ, ಆರೋಗ್ಯವನ್ನು ಜತನಮಾಡುವ ವಿದ್ಯೆಯಲ್ಲಿ ನಮ್ಮ ನಗರಕ್ಕೆ ಲೋಕಖ್ಯಾತಿಯಿದೆ. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸತೊಡಗಿದರು. ಮರುವರ್ಷವೇ ಅವರ ‘ಯೋಗ ಮಕರಂದ’ ಕನ್ನಡದಲ್ಲಿ ಪ್ರಕಟವಾಯಿತು. ಮಲೇರಿಯಾ, ಕ್ಷಯ, ವಿಷಮಶೀತಜ್ವರಗಳಿಂದ ಬಳಲಿ ಬತ್ತಿಹೋಗಿದ್ದ ಕೋಲಾರ ಸೀಮೆಯ ಬೆಳ್ಳೂರಿನ ಬಾಲಕನೊಬ್ಬ 1934ರಲ್ಲಿ ಈ ಊರಿಗೆ ಬಂದು, ತನ್ನ ಭಾವನೇ ಆಗಿದ್ದ ಆ ಗುರುವಿನ ಬಳಿ ಅಭ್ಯಾಸ ಮಾಡಿದ. ಮುಂದೆ ಜಗತ್ತು ಆತನನ್ನು ಬಿ.ಕೆ.ಎಸ್. ಅಯ್ಯಂಗಾರ್ ಎಂದು ಗುರುತಿಸಿತು. ಅದೇ ಗುರುವಿನ ಇನ್ನೊಬ್ಬ ಶಿಷ್ಯ ಪಟ್ಟಾಭಿ ಜೋಯಿಸರ ಪರಂಪರೆಯನ್ನು ಅರಸಿ ದೂರದೇಶಗಳ ಜನ ಇಂದಿಗೂ ಗೋಕುಲಂ ಬಡಾವಣೆಗೆ ಬಂದು ತಿಂಗಳುಗಟ್ಟಲೆ ನಿಲ್ಲುತ್ತಾರೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕುವೆಂಪು ಅವರ ನಿತ್ಯದ ನಡಿಗೆ ಮೈಸೂರಿನ ನೆನಪಿನ ಒಂದು ಭಾಗವೇ ಆಗಿದೆ. ಅಲ್ಲಿ ಇಂದೂ ಬೆಳಗಾದರೆ ನೂರಾರು ಜನ ನಡೆಯುತ್ತಾರೆ. ಲೋಕವೇ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಬರುವ ಈ ನಗರದ ಇನ್ನೊಂದು ಅಂಚಿನಲ್ಲಿ, ಮೊರದ ಮುಂದೆ ಬಾಗಿ ಕುಳಿತ ತಾಯಿಗೆ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಬಿಡುವಿಲ್ಲ. ಕೊರತೆ ವಿದ್ಯೆಯದ್ದಲ್ಲ, ಒಂದು ಗಂಟೆಯ ಹೊತ್ತಿನದ್ದು.

ಹೊತ್ತಿನ ಕೊರತೆಗಿಂತಲೂ ಆಳವಾದ ಇನ್ನೊಂದು ತೊಡಕಿದೆ. ತನ್ನನ್ನು ತಾನು ನೋಡಿಕೊಳ್ಳುವುದು ಸ್ವಾರ್ಥವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ದೈವಭಕ್ತರೆನಿಸಿಕೊಂಡವರಲ್ಲಿಯೇ ಇದು ಹೆಚ್ಚು. ದೇಹವೆಂದರೆ ಆತ್ಮದ ಸೆರೆಮನೆ, ಅದನ್ನು ದಂಡಿಸಿದಷ್ಟೂ ಪುಣ್ಯ ಎಂಬ ವಿಚಾರ ಪ್ಲೇಟೋವಿನ ಪರಂಪರೆಯಿಂದ ಹರಿದುಬಂದು ಅನೇಕ ಧಾರ್ಮಿಕರ ತಲೆಯಲ್ಲಿ ಮನೆಮಾಡಿದೆ. ಆದರೆ ಅವನ ಶಿಷ್ಯನಾದ ಅರಿಸ್ಟಾಟಲನೇ ಈ ದಾರಿ ಹಿಡಿಯಲಿಲ್ಲ. ತನ್ನನ್ನು ಪ್ರೀತಿಸುವವರು ಎರಡು ಬಗೆ ಎಂದು ಅವನು ವಿಂಗಡಿಸಿದ. ಹಣ, ಮಾನ, ಸುಖಗಳಲ್ಲಿ ಇತರರಿಗಿಂತ ದೊಡ್ಡ ಪಾಲನ್ನು ಬಾಚಿಕೊಳ್ಳುವವನು ಒಬ್ಬ, ಅವನು ನಿಂದ್ಯ. ತನ್ನೊಳಗಿನ ಶ್ರೇಷ್ಠವಾದುದನ್ನು ಕಾಪಾಡಿಕೊಳ್ಳುವವನು ಇನ್ನೊಬ್ಬ; ಅವನಿಂದ ಅವನಿಗೂ ಊರಿಗೂ ಒಳಿತು. ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವೀನರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆತ್ಮವೊಂದೇ ಮನುಷ್ಯನಲ್ಲ, ದೇಹ ಮತ್ತು ಆತ್ಮಗಳು ಕೂಡಿದ ಒಂದೇ ಇರವು ಮನುಷ್ಯ ಎಂಬುದು ಅವರ ನಿಲುವು. ಹಾಗಾದರೆ ದೇಹವನ್ನು ಕಡೆಗಣಿಸುವುದೆಂದರೆ ಮನುಷ್ಯನನ್ನೇ ಅರ್ಧ ಕಡೆಗಣಿಸಿದಂತೆ.

ಈ ಅರಿವು ಒಂದು ಮತದ ಸೊತ್ತಲ್ಲ. ದೇಹವನ್ನು ಗುಡಿಗೆ ಹೋಲಿಸಿದ ಶರಣರ ನಾಡು ನಮ್ಮದು. ಅತಿಯಾಗಿ ಉಣ್ಣುವವನಿಗೂ ಉಪವಾಸವೇ ಇರುವವನಿಗೂ, ಅತಿಯಾಗಿ ಮಲಗುವವನಿಗೂ ನಿದ್ದೆಗೆಡುವವನಿಗೂ ಯೋಗ ಒದಗದೆಂದು ಗೀತೆ ಹೇಳುತ್ತದೆ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ಪ್ರಾರ್ಥನೆ ಎಂದು ಹಟ ಹಿಡಿದ ಅನುಯಾಯಿಯೊಬ್ಬನಿಗೆ, ನಿನ್ನ ಶರೀರಕ್ಕೂ ಕಣ್ಣಿಗೂ ನಿನ್ನ ಮೇಲೆ ಹಕ್ಕುಂಟು ಎಂಬರ್ಥದ ಬುದ್ಧಿಮಾತನ್ನು ಪ್ರವಾದಿ ಮಹಮ್ಮದರು ಹೇಳಿದರೆಂಬುದನ್ನು ನಮ್ಮ ಮುಸ್ಲಿಂ ನೆರೆಹೊರೆಯವರು ಬಲ್ಲರು. ನಮ್ಮ ಪವಿತ್ರ ಗ್ರಂಥದಲ್ಲಿ ಪ್ರವಾದಿ ಎಲೀಯನ ಕಥೆಯಿದೆ. ರಾಣಿಯ ಬೆದರಿಕೆಗೆ ಅಂಜಿ ಮರಳುಗಾಡಿಗೆ ಓಡಿದ ಆತ ಒಂದು ಗಿಡದ ಕೆಳಗೆ ಕುಸಿದು ಕುಳಿತು, ಇನ್ನು ಬದುಕು ಸಾಕೆಂದು ದೇವರನ್ನು ಬೇಡಿದ. ಬಂದ ದೇವದೂತ ಆತನನ್ನು ಗದರಲಿಲ್ಲ, ಅವಿಶ್ವಾಸಿಯೆಂದು ಜರೆಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟ. ಮತ್ತೆ ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ಉಣ್ಣಿಸಿದ. ಹೋರೇಬ್ ಬೆಟ್ಟಕ್ಕೆ ಹೋಗುವ ಮಾತು ಬಂದದ್ದು ಅನಂತರ. ಬಳಲಿದವನಿಗೆ ಮೊದಲು ಊಟ ಮತ್ತು ನಿದ್ರೆ, ಉಪದೇಶ ಆಮೇಲೆ. ಪೀಠದಿಂದ ಮಾತನಾಡುವ ನಮ್ಮಂಥವರು ಈ ಕ್ರಮವನ್ನು ಚೆನ್ನಾಗಿ ಮನನ ಮಾಡಿಕೊಳ್ಳಬೇಕು.

ಅಕ್ವೀನರು ತಮ್ಮ ಮಹಾಗ್ರಂಥದಲ್ಲಿ ದುಃಖಕ್ಕೆ ಐದು ಪರಿಹಾರಗಳನ್ನು ಚರ್ಚಿಸಿದ್ದಾರೆ. ಮನಸ್ಸಿಗೆ ಹಿತವಾದುದನ್ನು ಮಾಡುವುದು ಮೊದಲನೆಯದು. ಅಳುವುದು ಎರಡನೆಯದು, ಒಳಗೇ ಬಿಗಿಹಿಡಿದ ನೋವು ಹೆಚ್ಚು ನೋಯಿಸುತ್ತದೆ ಎಂಬುದು ಅವರು ಕೊಡುವ ಕಾರಣ. ಮೂರನೆಯದು ಗೆಳೆಯರ ಸಹಾನುಭೂತಿ. ದುಃಖವೆಂಬುದು ಹೊರೆಯಂತೆ, ಜೊತೆಗಾರರು ಮರುಗಿದಾಗ ಹೊರೆಗೆ ಇನ್ನೊಂದು ಹೆಗಲು ಸಿಕ್ಕಂತಾಗುತ್ತದೆ. ನಾಲ್ಕನೆಯದು ಸತ್ಯದ ಧ್ಯಾನ. ಐದನೆಯದನ್ನು ಕೇಳಿ ಯಾರಿಗಾದರೂ ಆಶ್ಚರ್ಯವಾದೀತು: ನಿದ್ರೆ ಮತ್ತು ಸ್ನಾನ! ಇಷ್ಟು ದೊಡ್ಡ ದಾರ್ಶನಿಕರು ಬಿಸಿನೀರಿಗೂ ಹಾಸಿಗೆಗೂ ತಮ್ಮ ಗ್ರಂಥದಲ್ಲಿ ಒಂದು ವಿಭಾಗವನ್ನು ಮೀಸಲಿಟ್ಟರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ನಮ್ಮ ಗಾದೆಯೂ ದೇಹದ ಪಥ್ಯವನ್ನೂ ಮನಸ್ಸಿನ ಪಥ್ಯವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ತತ್ತ್ವಶಾಸ್ತ್ರಜ್ಞನೂ ಹಳ್ಳಿಯ ಅಜ್ಜಿಯೂ ಇಲ್ಲಿ ಒಂದೇ ಜಗಲಿಯ ಮೇಲೆ ಕುಳಿತಿದ್ದಾರೆ.

ಮೊದಲು ದೇಹದ ಮಾತಿಗೆ ಬರೋಣ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ, 31.5 ಕೋಟಿ ಜನರಿಗೆ ರಕ್ತದ ಒತ್ತಡವಿದೆ. ಇವು ಶ್ರೀಮಂತರ ರೋಗಗಳೆಂಬ ಹಳೆಯ ನಂಬಿಕೆಗೆ ಈಗ ಆಧಾರವಿಲ್ಲ. ರಕ್ತದ ಒತ್ತಡ ಬಾಗಿಲು ತಟ್ಟಿ ಬರುವ ಅತಿಥಿಯಲ್ಲ. ಬಹುಕಾಲ ಯಾವ ನೋವನ್ನೂ ಕೊಡದೆ ಒಳಗೊಳಗೇ ಹೃದಯ, ಮೂತ್ರಪಿಂಡ, ಮೆದುಳುಗಳನ್ನು ಸವೆಸುತ್ತಿದ್ದು, ಒಂದು ಮುಂಜಾನೆ ಲಕ್ವದ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. “ನಾನು ಚೆನ್ನಾಗಿಯೇ ಇದ್ದೇನೆ” ಎಂಬ ಮಾತು ಅಪಾಯಕಾರಿಯೆಂದು ನಾವು ಹೇಳಿದ್ದು ಈ ಕಾರಣಕ್ಕೆ. ಮನೆಯನ್ನು ಹೊತ್ತವರು ಮಲಗಿದರೆ ಮನೆಯೇ ಮಲಗುತ್ತದೆ. ಮಗಳು ಕಾಲೇಜು ಬಿಡುತ್ತಾಳೆ, ಚಿನ್ನ ಅಡವಿಗೆ ಹೋಗುತ್ತದೆ, ಸಾಲ ಬೆಳೆಯುತ್ತದೆ. ಯಾವ ಮಕ್ಕಳು ದಡ ಸೇರಲೆಂದು ತಾಯಿ ತನ್ನನ್ನು ಮರೆತಳೋ ಆ ಮಕ್ಕಳೇ ನಡುನೀರಿನಲ್ಲಿ ಉಳಿಯುತ್ತಾರೆ.

ತಡೆಯುವ ದಾರಿ ದುಬಾರಿಯೇನಲ್ಲ. ಮೂವತ್ತು ದಾಟಿದವರೆಲ್ಲರ ರಕ್ತದ ಒತ್ತಡ ಮತ್ತು ಸಕ್ಕರೆಯ ಪರೀಕ್ಷೆ ಸರ್ಕಾರದ ಆರೋಗ್ಯ ಕಾರ್ಯಕ್ರಮದ ಭಾಗವೇ ಆಗಿದೆ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ಹೊರಗೇ ನಿಲ್ಲಿಸಿ ಕಳಿಸಬೇಡಿ. 2022ರ ಡಿಸೆಂಬರಿನಲ್ಲಿ ರಾಜ್ಯದಲ್ಲಿ ಆರಂಭವಾದ ‘ನಮ್ಮ ಕ್ಲಿನಿಕ್’ಗಳು ನಗರಗಳ ಇಂಥ ಬಡಾವಣೆಗಳಿಗೆಂದೇ ಬಂದವು. ಒಬ್ಬರಿಗೆ ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಚಹಾ ಚಮಚೆಗೆ ಮೀರದಷ್ಟು ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಬೇಕರಿಯ ತಿನಿಸುಗಳನ್ನು ಲೆಕ್ಕ ಹಿಡಿದರೆ ನಾವೆಲ್ಲಿದ್ದೇವೆಂಬುದು ತಿಳಿದೀತು. ವಾರಕ್ಕೆ ನೂರೈವತ್ತು ನಿಮಿಷಗಳ ಚುರುಕು ನಡಿಗೆ ಅದೇ ಸಂಸ್ಥೆಯ ಇನ್ನೊಂದು ಸಲಹೆ. ಮನೆಗೆಲಸದಲ್ಲಿ ಸವೆಯುವುದೂ ವ್ಯಾಯಾಮವೂ ಒಂದೇ ಅಲ್ಲ. ಮೊರದ ಮುಂದೆ ಬಾಗಿದ ಬೆನ್ನಿಗೆ ಬೇಕಾದದ್ದು ನೆಟ್ಟಗಾಗುವ ಚಲನೆ, ತೆರೆದ ಗಾಳಿ. ವಿಶ್ರಾಂತಿಯೂ ಚಿಕಿತ್ಸೆಯೇ ಎಂಬುದಕ್ಕೆ ನಮ್ಮ ನಗರದಲ್ಲೇ ಸಾಕ್ಷಿಯಿದೆ. ಕೃಷ್ಣರಾಜಸಾಗರದ ರಸ್ತೆಯಲ್ಲಿರುವ ಕ್ಷಯರೋಗಾಸ್ಪತ್ರೆಗೆ, ಅದೇ ರೋಗಕ್ಕೆ ತುತ್ತಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿದೆ. ಕ್ಷಯಕ್ಕೆ ಔಷಧಿ ಇನ್ನೂ ದೊರೆಯದಿದ್ದ ಆ ಕಾಲದಲ್ಲಿ ಅಂಥ ಆಸ್ಪತ್ರೆಗಳ ಮುಖ್ಯ ಚಿಕಿತ್ಸೆಯೆಂದರೆ ಶುದ್ಧ ಗಾಳಿ, ಪುಷ್ಟಿಯ ಆಹಾರ, ವಿಶ್ರಾಂತಿ.

ಇನ್ನು ಮನಸ್ಸಿನ ಮಾತು. ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ಅಂತರ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ. 10.6ರಷ್ಟು ಜನ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಕಾಯಿಲೆಗೆ ತಕ್ಕಂತೆ ನೂರರಲ್ಲಿ ಎಪ್ಪತ್ತರಿಂದ ತೊಂಬತ್ತೆರಡು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಅಪರಾಧ ದಾಖಲೆಗಳ ರಾಷ್ಟ್ರೀಯ ಕೇಂದ್ರದ 2022ರ ವರದಿ ಇನ್ನೂ ಕಟುವಾದ ಸತ್ಯವನ್ನು ಹೇಳುತ್ತದೆ. ಆ ಒಂದು ವರ್ಷದಲ್ಲಿ ದೇಶದಲ್ಲಿ ಪ್ರಾಣ ಕಳೆದುಕೊಂಡ ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ನಾಲ್ವರಲ್ಲೊಬ್ಬರಿಗಿಂತ ಹೆಚ್ಚಿನವರು ದಿನಗೂಲಿಯವರು. ಗೃಹಿಣಿಯರು ಇಪ್ಪತ್ತೈದು ಸಾವಿರಕ್ಕೂ ಮೇಲೆ. ಕೂಲಿಗೆ ಹೋಗುವ ಗಂಡಸು, ಮನೆ ನಡೆಸುವ ಹೆಂಗಸು ಎಂದರೆ ಅದು ನಮ್ಮ ಬಡಾವಣೆಯದೇ ಚಿತ್ರ. ಎಲ್ಲರನ್ನೂ ವಿಚಾರಿಸಿಕೊಳ್ಳುವ ಇವರನ್ನು ವಿಚಾರಿಸುವವರು ಯಾರೂ ಇರಲಿಲ್ಲವೇ ಎಂಬ ಪ್ರಶ್ನೆ ನಮ್ಮನ್ನು ಕಾಡಬೇಕು.

ಮಾನಸಿಕ ಕಾಯಿಲೆಯ ಚಿಕಿತ್ಸೆಯ ವಿಷಯದಲ್ಲಿ ಕನ್ನಡ ನಾಡು ಹಿಂದುಳಿದಿಲ್ಲ. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿಯಿತ್ತು, ಮನೋರೋಗದ ಚಿಕಿತ್ಸೆಯನ್ನು ಪ್ರಾಥಮಿಕ ಕೇಂದ್ರಗಳಿಗೆ ತಂದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ‘ಕೊರವಂಜಿ’ಯ ಮೂಲಕ ಕನ್ನಡಿಗರನ್ನು ನಗಿಸಿದ ‘ರಾಶಿ’, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕುರಿತು ಬರೆದ ‘ಮನಮಂಥನ’ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ರಾಶಿರಾಶಿ ಪುಸ್ತಕಗಳನ್ನು ಬರೆದು ಖಿನ್ನತೆ, ಆತಂಕಗಳ ಬಗೆಗಿನ ಅಂಜಿಕೆಯನ್ನು ಕಳೆದರು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಇಷ್ಟಾದರೂ ನಮ್ಮ ಮನೆಗಳಲ್ಲಿ ಮನೋವೈದ್ಯರ ಹೆಸರೆತ್ತಿದರೆ ‘ಹುಚ್ಚೇ?’ ಎಂಬ ಪ್ರಶ್ನೆ ಮೊದಲು ಬರುತ್ತದೆ. ಮಗಳ ಮದುವೆಗೆ ಅಡ್ಡಿಯಾದೀತೆಂದು ತಾಯಿಯ ಖಿನ್ನತೆಯನ್ನು ಮುಚ್ಚಿಡುವವರಿದ್ದಾರೆ.

ಎರಡು ವಾರಗಳಿಗೂ ಮೀರಿ ನಿದ್ರೆ ಬಾರದಿದ್ದರೆ, ಅನ್ನ ಸೇರದಿದ್ದರೆ, ಇಷ್ಟವಾಗಿದ್ದುದೆಲ್ಲ ರುಚಿಗೆಟ್ಟರೆ, ತಾನು ಯಾರಿಗೂ ಬೇಡವೆಂಬ ಯೋಚನೆ ಬಿಡದೆ ಕಾಡಿದರೆ ಅದು ಸೋಮಾರಿತನವಲ್ಲ, ಮಾಟವಲ್ಲ, ಭಕ್ತಿಯ ಕೊರತೆಯೂ ಅಲ್ಲ. ಅದು ಚಿಕಿತ್ಸೆಯಿಂದ ಗುಣವಾಗಬಲ್ಲ ಕಾಯಿಲೆಯಾಗಿರಬಹುದು. ಪ್ರಾರ್ಥನೆ ಬೇಕು, ಆದರೆ ಪ್ರಾರ್ಥನೆ ವೈದ್ಯನಿಗೆ ಬದಲಿಯಲ್ಲ. ಕಾಲು ಮುರಿದವನನ್ನು ಆಶೀರ್ವದಿಸಿ ಮನೆಗೆ ಕಳಿಸುವ ಗುರು ಯಾರೂ ಇಲ್ಲ. ಮನಸ್ಸು ಮುರಿದವನ ವಿಷಯದಲ್ಲೂ ಅದೇ ವಿವೇಕ ಬೇಕು. ಮಾತನಾಡಲು ಹತ್ತಿರದವರು ಇಲ್ಲವೆನಿಸಿದರೆ 14416 ಎಂಬ ದೂರವಾಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸೇವೆ ಅದು. ಶುಲ್ಕವಿಲ್ಲ, ಹಗಲಿರುಳೂ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಬದುಕು ಸಾಕೆನಿಸಿ ದುಡುಕಿದವನನ್ನು ಹಿಂದೆ ಕಾನೂನು ಅಪರಾಧಿಯಂತೆ ನೋಡುತ್ತಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಆತನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಿ ಆರೈಕೆ ನೀಡಬೇಕೆನ್ನುತ್ತದೆ. ಕಾನೂನು ಕರುಣೆ ಕಲಿತಿರುವಾಗ ನೆರೆಹೊರೆ ಕಲಿಯದಿದ್ದರೆ ಹೇಗೆ?

ಮನಸ್ಸಿನ ಪಥ್ಯದಲ್ಲಿ ಇನ್ನೊಂದು ಸಂಗತಿಯನ್ನು ನಾವು ಮರೆಯುವಂತಿಲ್ಲ. ಅದು ಕೈಯಲ್ಲಿರುವ ಫೋನು. ದಿಂಬಿನ ಪಕ್ಕದಲ್ಲಿ ಅದು ಮಿಣುಗುತ್ತಿರುವ ತನಕ ನಿದ್ರೆ ಬಾರದು. ಅದಕ್ಕಿಂತ ಮಿಗಿಲಾಗಿ, ಅದರೊಳಗಿಂದ ಬರುವುದು ಯಾರದೋ ಮನಸ್ಸಿನ ವಿಷವಾಗಿದ್ದರೆ ನೆಮ್ಮದಿ ಉಳಿಯದು. 2025ರ ಫೆಬ್ರವರಿ 10ರ ರಾತ್ರಿ ಸಾಮಾಜಿಕ ಜಾಲತಾಣದಲ್ಲಿ ಹರಿದಾಡಿದ ಒಂದು ಅವಹೇಳನಕಾರಿ ಚಿತ್ರದಿಂದ ನಮ್ಮ ಉದಯಗಿರಿ ಪೊಲೀಸ್ ಠಾಣೆಯ ಮುಂದೆ ಜನ ಸೇರಿ ಕಲ್ಲು ತೂರಾಟ ನಡೆದುದನ್ನೂ, ಪೊಲೀಸರು ಗಾಯಗೊಂಡುದನ್ನೂ ನಾವೆಲ್ಲ ಬಲ್ಲೆವು. ಒಂದು ಚಿತ್ರ ಇಡೀ ಬಡಾವಣೆಯ ನಿದ್ರೆಯನ್ನು ಕೆಡಿಸಿತು. ತಿನ್ನುವ ಪದಾರ್ಥ ಹಳಸಿದೆಯೇ ಎಂದು ಮೂಸಿ ನೋಡುವ ನಾವು ಕಣ್ಣಿನ ಮೂಲಕ ಒಳಗೆ ಬಿಟ್ಟುಕೊಳ್ಳುವುದನ್ನೂ ಹಾಗೆಯೇ ಪರೀಕ್ಷಿಸಬೇಕು. ರಾತ್ರಿ ಒಂಬತ್ತರ ನಂತರ ಮನೆಯ ಫೋನುಗಳೆಲ್ಲವೂ ಅಡುಗೆಮನೆಯ ಗೂಡಿನಲ್ಲಿ ಮಲಗಲಿ. ಮನುಷ್ಯರು ಹಾಸಿಗೆಯಲ್ಲಿ ಮಲಗಲಿ.

ಇಷ್ಟನ್ನು ಓದಿದ ತಾಯಿಯೊಬ್ಬರು ನಮ್ಮನ್ನು ಕೇಳಬಹುದು: “ಎಲ್ಲ ಸರಿ ಸ್ವಾಮಿ, ನಾನು ಒಂದು ಗಂಟೆ ನಡೆಯಲು ಹೋದರೆ ಬೀಡಿ ಕಟ್ಟುವವರು ಯಾರು? ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಆ ದಿನದ ಕೂಲಿ ಕೊಡುವವರು ಯಾರು?” ಈ ಪ್ರಶ್ನೆಗೆ ಉತ್ತರಿಸದೆ ಆರೋಗ್ಯದ ಉಪದೇಶ ಮಾಡುವುದು ಹಸಿದವನಿಗೆ ಪಾಕಶಾಸ್ತ್ರ ಓದಿ ಹೇಳಿದಂತೆ. ಸ್ವಯಂ ಆರೈಕೆಯ ಒಂದು ಗಂಟೆಗೆ ಬೆಲೆಯಿದೆ, ಬಡವರ ಮನೆಯಲ್ಲಿ ಆ ಬೆಲೆ ಅನ್ನದ ಲೆಕ್ಕದಲ್ಲಿ ಬರುತ್ತದೆ ಎಂಬುದನ್ನು ನಾವು ಒಪ್ಪಲೇಬೇಕು. ಹಾಗಾದರೆ ಆ ಬೆಲೆಯನ್ನು ತೆರುವವರು ಯಾರು? ನಮ್ಮ ಉತ್ತರ ಇಷ್ಟೇ: ಆಕೆಯೊಬ್ಬಳೇ ತೆರುವುದು ಸಾಧ್ಯವಿಲ್ಲ. ಸ್ವಯಂ ಆರೈಕೆ ಎಂಬ ಹೆಸರಿದ್ದರೂ ಅದು ಒಬ್ಬರೇ ಮಾಡಿಕೊಳ್ಳಬಹುದಾದ ಕೆಲಸವಲ್ಲ. ಒಬ್ಬರು ತಮ್ಮನ್ನು ನೋಡಿಕೊಳ್ಳಬೇಕಾದರೆ ಇನ್ನೊಬ್ಬರು ಆ ಹೊತ್ತಿನಲ್ಲಿ ಅವರ ಕೆಲಸಕ್ಕೆ ಕೈ ಕೊಡಬೇಕು.

ಇದನ್ನು ಮನೋವೈದ್ಯಶಾಸ್ತ್ರವೂ ಅನುಭವದಿಂದ ಕಲಿಯಿತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲೇ ಡೇರೆಗಳನ್ನು ಹಾಕಿಸಿ ರೋಗಿಗಳೊಂದಿಗೆ ಮನೆಯವರನ್ನೂ ಇರಿಸಿಕೊಂಡರು. ರೋಗಿಯನ್ನು ಬೀಗದೊಳಗೆ ಬಿಟ್ಟುಹೋಗುವ ಕಾಲದಲ್ಲಿ ಅದೊಂದು ಹೊಸ ದಾರಿ. ಮನೆಯವರು ಜೊತೆಗಿದ್ದು ಕಾಯಿಲೆಯನ್ನು ಅರಿತಾಗ ಗುಣವಾಗುವುದು ಸುಲಭವಾಯಿತು, ಮರಳಿ ಮನೆ ಸೇರುವುದೂ ಸುಲಭವಾಯಿತು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವೂ ಮನೆಯವರನ್ನು ಚಿಕಿತ್ಸೆಯ ಅಂಗವಾಗಿಯೇ ಕಂಡಿತು. ಕಾಯಿಲೆ ಬಂದ ಮೇಲೆ ಮನೆಯವರೆಲ್ಲ ಬೇಕೆಂದಾದರೆ, ಕಾಯಿಲೆ ಬಾರದಂತೆ ತಡೆಯಲು ಅವರು ಬೇಡವೇ?

ಆದುದರಿಂದ ಈ ವರ್ಷದ ಸಂಕಲ್ಪವನ್ನು ಒಬ್ಬೊಬ್ಬರು ಬೇರೆ ಬೇರೆಯಾಗಿ ಕೈಗೊಳ್ಳದೆ, ರಾತ್ರಿಯೂಟಕ್ಕೆ ಕುಳಿತಾಗ ಮನೆಯವರೆಲ್ಲರೂ ಕೂಡಿ ಕೈಗೊಳ್ಳಬೇಕೆಂಬುದು ನಮ್ಮ ಬಿನ್ನಹ. ಮನೆಯಲ್ಲಿ ಎಲ್ಲರಿಗಿಂತ ಕಡೆಗೆ ಉಣ್ಣುವವರು ಯಾರು, ಎಲ್ಲರಿಗಿಂತ ಕಡಿಮೆ ಮಲಗುವವರು ಯಾರು ಎಂಬುದನ್ನು ಮೊದಲು ಗುರುತಿಸಿ. ಅವರ ಪಾಲಿನ ಒಂದು ಗಂಟೆಯ ಕೆಲಸವನ್ನು ಉಳಿದವರು ಹಂಚಿಕೊಳ್ಳಲಿ. ಮಗ ನೀರು ಹಿಡಿಯಲಿ, ಗಂಡ ಪಾತ್ರೆ ತೊಳೆಯಲಿ. ಮಾನಕ್ಕೇನೂ ಕುಂದು ಬಾರದು. ಈ ತಿಂಗಳೊಳಗೆ ಒಂದು ದಿನ ಅವರನ್ನು ರಕ್ತದ ಒತ್ತಡ, ಸಕ್ಕರೆಯ ಪರೀಕ್ಷೆಗೆ ಕರೆದೊಯ್ಯಿರಿ; ‘ಹೋಗಿ ಬಾ’ ಎನ್ನಬೇಡಿ, ‘ಬಾ ಹೋಗೋಣ’ ಎನ್ನಿ. ವಾರಕ್ಕೊಂದು ಹೊತ್ತು ಮನೆಯಲ್ಲಿ ಒಲೆ ಹೊತ್ತಿಸುವ ಹೊಣೆ ಇನ್ನೊಬ್ಬರದಾಗಲಿ. ವಾರದ ವಿಶ್ರಾಂತಿಯ ದಿನವನ್ನು ವಿಧಿಸಿದ ದೇವರು ಆಳುಗಳನ್ನೂ ಎತ್ತುಗಳನ್ನೂ ಆ ವಿಧಿಯಲ್ಲಿ ಸೇರಿಸಿದ್ದಾನೆ. ನಮ್ಮ ಅಡುಗೆಮನೆಯನ್ನು ಬಿಟ್ಟವರು ನಾವು. ಗಂಡಸರಿಗೂ ಒಂದು ಮಾತು. ನೋವನ್ನು ಹೇಳಿಕೊಳ್ಳಲು ನಾಚಿ ಅದನ್ನು ಬಾಟಲಿಯಲ್ಲಿ ಮುಳುಗಿಸುವುದು ಗಂಡಸುತನವಲ್ಲ. ಅಕ್ವೀನರು ಕಣ್ಣೀರಿಗೆ ಅನುಮತಿ ಕೊಟ್ಟಾಗ ಗಂಡಸರನ್ನು ಹೊರಗಿಡಲಿಲ್ಲ.

ಮನೆಯ ಹೊರಗಿನವರ ಹೊಣೆಯೂ ಇದೆ. ಚರ್ಚು, ಮಸೀದಿ, ದೇವಸ್ಥಾನಗಳ ಅಂಗಳಗಳು ವಾರಕ್ಕೊಂದು ಸಂಜೆ ರಕ್ತದ ಒತ್ತಡ ನೋಡುವ ಜಾಗಗಳಾದರೆ ಯಾವ ದೇವರೂ ಮುನಿಯುವುದಿಲ್ಲ. ನಾಲ್ಕು ಮನೆಯ ಹೆಂಗಸರು ಜೊತೆಗೂಡಿ ನಡೆಯಲು ಹೊರಟರೆ ಅಂಜಿಕೆಯೂ ಇರದು, ಕಷ್ಟಸುಖದ ಮಾತೂ ಆದೀತು. ನಡೆಯಲು ಕಾಲುದಾರಿ ಬೇಕು, ಕೂರಲು ಉದ್ಯಾನ ಬೇಕು, ಬೀದಿದೀಪ ಉರಿಯಬೇಕು. ಇವನ್ನು ನಗರಾಡಳಿತದಿಂದ ಕೇಳುವುದು ನಮ್ಮ ಹಕ್ಕು. ಬೀಡಿ ಕಾರ್ಮಿಕರಿಗೆಂದೇ ಕೇಂದ್ರ ಸರ್ಕಾರದ ಆಸ್ಪತ್ರೆಯೊಂದು ಮೈಸೂರಿನಲ್ಲಿದೆ; ಕಾರ್ಮಿಕರ ಗುರುತಿನ ಚೀಟಿ ಪೆಟ್ಟಿಗೆಯ ತಳದಲ್ಲಿದ್ದರೆ ಹೊರಗೆ ತೆಗೆಯಿರಿ. 1966ರ ಬೀಡಿ ಕಾರ್ಮಿಕರ ಕಾಯಿದೆ ವಾರದ ರಜೆ, ಸಂಬಳಸಹಿತ ರಜೆಗಳ ಮಾತನ್ನಾಡಿತ್ತು. ಮನೆಯಲ್ಲಿ ಕುಳಿತು ಕಟ್ಟುವವರ ಬದುಕಿಗೆ ಆ ಮಾತು ಎಷ್ಟು ಇಳಿಯಿತೆಂಬುದನ್ನು ಅವರ ಬೆನ್ನೇ ಹೇಳುತ್ತದೆ. ಹೊಸ ಕಾರ್ಮಿಕ ಸಂಹಿತೆಗಳ ಈ ಕಾಲದಲ್ಲಾದರೂ ಅವರ ವಿಶ್ರಾಂತಿಗೆ ಒಂದು ಬೆಲೆ ನಿಗದಿಯಾಗಲಿ.

ನೆರೆಯವನ ಮೇಲಿನ ಪ್ರೀತಿಗೆ ಯೇಸುಸ್ವಾಮಿ ಕೊಟ್ಟ ಅಳತೆಗೋಲು ನಮ್ಮ ಮೇಲೆ ನಮಗಿರುವ ಪ್ರೀತಿಯೇ. ಅಳತೆಗೋಲೇ ಮುರಿದಿದ್ದರೆ ಅಳೆಯುವುದು ಹೇಗೆ? ದುಡಿದು ದಣಿದು ಬಂದ ಶಿಷ್ಯರನ್ನು, ಉಣ್ಣಲೂ ಬಿಡುವಿಲ್ಲದಿದ್ದುದನ್ನು ಕಂಡು, ಏಕಾಂತಕ್ಕೆ ಕರೆದೊಯ್ದು ದಣಿವಾರಿಸಿಕೊಳ್ಳಲು ಹೇಳಿದವರೂ ಅವರೇ. ‘ನೀವು ಹೋಗಿ’ ಎಂದು ಕಳಿಸಿಬಿಡದೆ ಅವರೂ ಜೊತೆಗೆ ಹೋದರೆಂಬುದನ್ನು ಗಮನಿಸಬೇಕು.

ನಮ್ಮ ಮನೆಗಳಲ್ಲಿಯೂ ಹಾಗೆಯೇ ಆಗಲಿ. ಮುಂದಿನ ಭಾನುವಾರದೊಳಗೆ ನಿಮ್ಮ ಮನೆಯ ಆ ಕಡೆಯ ಊಟದವರಿಗೆ ಮೊದಲು ಬಡಿಸಿ, ಪಕ್ಕದಲ್ಲಿ ಕುಳಿತು, “ನೀನು ಹೇಗಿದ್ದೀಯಮ್ಮಾ?” ಎಂದು ಕೇಳಿ. “ಚೆನ್ನಾಗಿಯೇ ಇದ್ದೇನೆ” ಎಂಬ ಉತ್ತರ ಬಂದರೆ ಇನ್ನೊಮ್ಮೆ ಕೇಳಿ. ಎಲ್ಲರಿಗೂ ಹೊಸ ವರ್ಷದ ಶುಭಾಶಯಗಳು.